ಜಿಪ್ಪು

ಮಂಗಳವಾರ ಬರುತ್ತಾಳೆ ರಾಯ, ಬೆನ್ನಿಗೊಂದು ನೀಲಿ ಚೀಲ.
ಒಂಬತ್ತಾದರೂ ಕಾಯಾನಿಯಲ್ಲಿ ಆಗಿನ್ನೂ ಬೆಳಕು ಹರಿದಿರುವುದಿಲ್ಲ.
ಚೀಲದ ತುಂಬ ಬಟ್ಟೆ ಸಿಕ್ಕಿಸುವ ಕ್ಲಿಪ್ಪು,
ಒಣ ಬಟಾಣಿ ತುಂಬಿ ಹೊಲಿದ ದಿಂಬು,
ಯಾವುದೋ ಊರಿನ ಮಕ್ಕಳು ಕಚ್ಚಿ ಸವೆಸಿದ ರಬ್ಬರು ಕೊಳವೆ.

ಏಮೆಲಿಗೆ ಆರು ವರ್ಷ.
ಅಜ್ಜಿ ಹೆಣೆದ ಉಣ್ಣೆಯ ಕಾಲುಚೀಲದೊಳಗೆ ಒಂದು ಗಂಟು,
ಅವನ ಪಾಲಿಗೆ ಅದು ಜಲ್ಲಿಕಲ್ಲು.
ಕೈ ಒಣಗಿಸುವ ಯಂತ್ರ ಗುರ್ರೆಂದರೆ
ಕಿವಿ ಮುಚ್ಚಿ ಮೇಜಿನಡಿ ಸೇರುತ್ತಾನೆ.
ಹಠ ಅಂದುಕೊಂಡಿದ್ದೆ ನಾನು.
ಒಂದಿಡೀ ವರ್ಷ ಹಾಗೇ ಅಂದುಕೊಂಡಿದ್ದೆ.

ಹಾಲಿನ ಕ್ರೇಟು ದಿನಾ ಅವನೇ ತರಲಿ, ಅಂದಳು ರಾಯ,
ಅಡುಗೆಮನೆಯಿಂದ ತರಗತಿಗೆ.
ಭಾರ ಹೊತ್ತ ಮೈಗೆ ತಾನೆಲ್ಲಿದ್ದೇನೆಂದು ತಿಳಿಯುತ್ತದೆ.
ನನಗೆ ನಂಬಿಕೆ ಬರಲಿಲ್ಲ.
ತಂದಿಟ್ಟವನು ಕಥೆ ಮುಗಿಯುವವರೆಗೆ ಕೂತ.
(ಕಥೆ ಚಿಕ್ಕದಿತ್ತು, ಅದೂ ನಿಜ.)

ನನ್ನ ಪಾಲಿನ ಕೆಲಸ ಹೇಳಿದ್ದು ಕೊನೆಗೆ,
ಹೊರಗೆ ಮೈನಸ್ ಹದಿನಾಲ್ಕು,
ಒಳಗೆ ಹದಿನೆಂಟು ಮಕ್ಕಳು ಕೋಟಿನಲ್ಲಿ ಬೆವರುತ್ತ ಬಾಗಿಲಲ್ಲಿ:
"ತೂಲಿಕ್ಕಿ, ನಿನ್ನ ಕೈ ನಿನ್ನ ಜೇಬಿನಲ್ಲಿರಲಿ."
ಕೈಕಟ್ಟಿ ನಿಲ್ಲುವವಳಿಗೆ ಸಂಬಳ ಯಾರು ಕೊಡುತ್ತಾರೆ, ಅಂದೆ.
ಅವಳು ನಗಲಿಲ್ಲ.

ಇಪ್ಪತ್ತೆರಡು ವರ್ಷ ನಾನೆಳೆದ ಜಿಪ್ಪುಗಳಿಗೆ ಲೆಕ್ಕವಿಲ್ಲ,
ಸರ್ರನೆ ಒಂದು, ಸರ್ರನೆ ಇನ್ನೊಂದು,
ಬೇಗ ಆಗಲೆಂದು.
ಯಾರಿಗಿತ್ತು ಆ ಬೇಗ?

ಅವನು ನೆಲಕ್ಕೆ ಕೂತ. ಕಡ್ಡಿ ಗೂಡು ಸೇರದು.
ನಾಲಿಗೆ ತುಟಿಯಾಚೆ ಬಂದು ನಿಂತಿತು
ಬೆರಳಿಗೆ ದಾರಿ ತೋರುವ ಹಾಗೆ.
ತಪ್ಪಿತು. ಮತ್ತೆ ತಪ್ಪಿತು.
ಜೇಬಿನೊಳಗೆ ನನ್ನ ಬೆರಳು ತಾವೇ ಎಳೆಯುತ್ತಿದ್ದವು
ಇಲ್ಲದ ಜಿಪ್ಪೊಂದನ್ನು.

ಐದು ವಾರ ಹೀಗೇ.

ಆರನೆಯದರಲ್ಲಿ, ಒಂದು ಗುರುವಾರ, ರಾಯ ಇರದ ದಿನ,
ಕಟಕ್ ಎಂದು ಕೂತಿತು.
ಅವಳು ಸಿಕ್ಕಿಸಿಹೋದ ಬೀಗದಕೈ ಬಳೆ ಹಿಡಿದು ಎಳೆದ,
ಹೊಟ್ಟೆಯವರೆಗೆ, ಎದೆಯವರೆಗೆ.
ಕತ್ತಿನ ಬಳಿ ನಿಲ್ಲಿಸಿದ.
ಅಲ್ಲಿಂದ ಮೇಲೆ ಚುಚ್ಚುತ್ತದಂತೆ.
ಚಪ್ಪಾಳೆ ತಟ್ಟಲಿಲ್ಲ ನಾನು, ಆ ಸದ್ದು ಅವನಿಗಾಗದು.

ಅಷ್ಟರಲ್ಲಿ ಬಿಡುವೇ ಮುಗಿದಿತ್ತು.
ಉಳಿದವರು ಹಿಮ ಕೊಡವುತ್ತ ಒಳಬರುತ್ತಿದ್ದರು,
ಅವರ ನಡುವೆ ತೂರಿ ಅವನು ಹೊರಗೆ.
ಖಾಲಿ ಅಂಗಳ, ಒಂದೇ ಒಂದು ಉಯ್ಯಾಲೆ ಇನ್ನೂ ತೂಗುತ್ತ.

ಹಿಂದೆಯೇ ಹೋದೆ.
ನನ್ನ ಕೋಟು ತೆರೆದೇ ಇತ್ತು,
ಕೈ ಇನ್ನೂ ಜೇಬಿನಲ್ಲಿ.