ಬೇಲಿಯೇ ಎದ್ದು

ನವೆಂಬರಿನ ಒಂದು ರಾತ್ರಿ ನನ್ನ ಹುಲ್ಲುಗಾವಲಿನ ಸುತ್ತ
ಜರಡಿಯಂಥ ತಂತಿಬಳೆಯೊಂದನ್ನು ಮುಂದೆ ಹಿಡಿದು
ಹೈನಿ ತಿರುಗುತ್ತಿದ್ದ, ಎರಡೂ ಕಿವಿಗೆ ಬಟ್ಟಲು ಕವುಚಿಕೊಂಡು.
ಕುರಿ ಕದಿಯುವವನು ಈ ವೇಷದಲ್ಲಿ ಬರಲಾರ ಎಂದುಕೊಂಡು
ದೀಪ ಹಾಕಿದೆ.

"ಸುನ್ವಾ, ನಿನ್ನ ಬೇಲಿ ಮಾತಾಡುತ್ತಿದೆ."
"ಏನಂತೆ?"
"ಒಂದೇ ಮಾತು. ಸೆಕೆಂಡಿಗೊಂದು ಸಲ. ಟಕ್.
ಎರಡು ತಿಂಗಳಿಂದ ಅದು ಬಿಟ್ಟು ಬೇರೇನೂ ಕೇಳಿಲ್ಲ ನಾನು."

ಕರೆಂಟಿನ ಬೇಲಿ. ಒದ್ದೆ ಹುಲ್ಲು ತಾಗಿದಲ್ಲೆಲ್ಲ ಕಿಡಿ ಸೋರುತ್ತದಂತೆ,
ನನಗೆ ಕಾಣದ ಕಿಡಿ, ಕುರಿಗೂ ಲೆಕ್ಕಕ್ಕಿಲ್ಲದ್ದು,
ಅವನಿಗೆ ಮಾತ್ರ ಮಗ್ಗುಲ ಮುಳ್ಳು.

ಬಂದು ನೋಡು ಎಂದ. ಹೋದೆ.
ಮಾಂಸ ಒಣಹಾಕುವ ಗುಡಿಸಲು, ಗಾಳಿಗೆಂದೇ ಸಂದು ಬಿಟ್ಟ ಹಲಗೆಗೋಡೆ;
ಒಂದು ಮೂಲೆಗೆ ಹಡಗಿನ ತಗಡು ಬಡಿದು
ಅದರೊಳಗೆ ಅವನ ರೇಡಿಯೋ ಸಂಸಾರ.
ಮೇಲೆ ಬೂಸ್ಟು ಹಿಡಿದು ನೀಲಿಗಟ್ಟಿದ ಹದಿನಾಲ್ಕು ಕುರಿತೊಡೆ,
ಕೆಳಗೆ ಟ್ರಾನ್ಸ್‌ಮಿಟರು, ಪಕ್ಕದಲ್ಲಿ ಕೊಬ್ಬಿನ ಹನಿ ಒರೆಸುವ ಚಿಂದಿ.
ತಾಮ್ರದ ಸುರುಳಿ ಸುತ್ತಿದ್ದು ಚರಂಡಿ ಕೊಳವೆಯ ತುಂಡಿಗೆ.
ಮೋರ್ಸ್ ಕೀಲಿಯ ತಲೆಗೆ ಅವನಮ್ಮನ ಕೋಟಿನ ಗುಂಡಿ.
"ನಾಲ್ಕು ತೂತಿನದ್ದು, ಬೆರಳು ಜಾರುವುದಿಲ್ಲ" ಎಂದ.
ಅವತ್ತು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಅದೊಂದೇ.

ಮರವಿಲ್ಲದ ದ್ವೀಪ ನಮ್ಮ ಫ್ಯಾರೋ. ತಂತಿಗೆ ಕೊಂಬೆ ಎಲ್ಲಿಂದ ತರುವುದು?
ಹತ್ತು ಮೀಟರಿನ ಮೀನುಗಾಳದ ಕೋಲು ನೆಟ್ಟಿದ್ದ, ಮೂರು ಹಗ್ಗ ಬಿಗಿದು,
ಬುಡದಲ್ಲಿ ಹುಲ್ಲಿನಡಿ ಮೂವತ್ತೆರಡು ತಂತಿ ಹೂತು.
ಬೇರು ಎನ್ನುತ್ತಾನೆ ಅವಕ್ಕೆ.

ಹಗಲು ಇರುಳಿನ ಗಡಿ ನಮ್ಮ ಮೇಲೆ ಹಾಯುವಾಗ
ದಿನಾ ಅರ್ಧ ಗಂಟೆ ಬೇಲಿ ಆರಿಸು ಎಂದ. ಒಪ್ಪಿದೆ.
ಮೂರನೆಯ ದಿನಕ್ಕೆ ಟಗರಿಗೆ ತಿಳಿಯಿತು.
ಐದನೆಯ ದಿನಕ್ಕೆ ಹೈನಿಯ ಕೋಸಿನ ಮಡಿ ಬೋಳು.
ಅವನು ತುಟಿಪಿಟಕ್ಕೆನ್ನಲಿಲ್ಲ. ಸೈಬೀರಿಯದ ಬಡಗಿಯೊಬ್ಬ ಸಿಕ್ಕಿದ್ದನಂತೆ ಅವತ್ತು.

ಜನವರಿಯ ಬಿರುಗಾಳಿ ಆ ಕೋಲನ್ನು ಮೂರು ತುಂಡು ಮಾಡಿ
ಒಂದನ್ನು ಇಗರ್ಜಿಯ ಮಾಡಿಗೆ, ಒಂದನ್ನು ಕಡಲಿಗೆ ಕೊಟ್ಟಿತು;
ಮೂರನೆಯದು ಸಿಗಲೇ ಇಲ್ಲ.
ವಾರವಿಡೀ ಹೈನಿ ಬಂದರಿನ ಬೆಂಚಿನ ಮೇಲೆ, ನಾಲಗೆ ಕಳಕೊಂಡವನ ಹಾಗೆ.
"ನಾನೂರು ಮೀಟರ್ ತಂತಿ ಇದೆಯಲ್ಲ ನನ್ನ ಹತ್ತಿರ" ಎಂದೆ, ಯೋಚಿಸದೆ.
ಅವನು ನೋಡಿದ ರೀತಿ! ಮದುವೆಯಾಗು ಎಂದಿದ್ದರೂ
ಯಾರೂ ಹಾಗೆ ನೋಡುತ್ತಿರಲಿಲ್ಲ.

ಕುರಿಗಳನ್ನು ದೊಡ್ಡಿಗೆ ಅಟ್ಟಿ ಕರೆಂಟಿನ ಪೆಟ್ಟಿಗೆ ಕಳಚಿದೆವು.
ತಾಗುವ ಹುಲ್ಲನ್ನು ಉಣ್ಣೆಗತ್ತರಿಯಲ್ಲಿ ನಾನೇ ಸವರುತ್ತ ಹೋದೆ,
ನಾನೂರು ಮೀಟರೂ, ಬೈಯುತ್ತ.
ಗುಡಿಸಲಲ್ಲಿ ಮೀಟರಿನ ಮುಳ್ಳು ನಡುಗಿ, ಒರಗಿ, ನಿಂತಿತು.
ಬೆರಳು ಗುಂಡಿ ಒತ್ತಿತು. ಹೈನಿಯ ಕರೆಹೆಸರು ಚುಕ್ಕೆ ಗೆರೆಯಾಗಿ
ಕುರಿಯ ಮೂತಿಯೆತ್ತರದಲ್ಲಿ ಹೊಲ ಸುತ್ತಿತು.

ಮೊದಲು ಏನೂ ಇಲ್ಲ. ಎಣ್ಣೆಯಲ್ಲಿ ಏನೋ ಕರಿಯುವ ಸದ್ದು.
ಆಮೇಲೆ ಅದರಡಿಯಿಂದ ಸಣ್ಣಗೆ ಒಂದು ಕೀರಲು.

ಪರಾಗ್ವೆ. ಹೆಸರು ಎವಾರಿಸ್ತೊ. ಜೇನು ಸಾಕುವವನು.
ಸೆಖೆ, ಮೂವತ್ತೆಂಟು ಡಿಗ್ರಿ.
ಆಂಟೆನಾ ಯಾವುದು?
ಕುರಿ ಬೇಲಿ, ಎಂದು ಬಡಿದ ಹೈನಿ.
ಮೌನ.
ಮತ್ತೊಮ್ಮೆ ಹೇಳಿ?
ಕು ರಿ ಬೇ ಲಿ.
ಎತ್ತರ?
ಹೈನಿ ನನ್ನ ಕಡೆ ತಿರುಗಿದ. ಸೊಂಟಕ್ಕೆ ಕೈಯಿಟ್ಟು ತೋರಿಸಿದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಹೆದರಿಸುತ್ತಾರಲ್ಲ,
ನನ್ನದು ಎದ್ದು ಅಷ್ಟು ದೂರ ಹೋಗಿ ಬಂದು
ಹೊರಗೆ ಗೂಟಕ್ಕೆ ಆತು ನಿಂತಿತ್ತು, ಏನೂ ಆಗದ ಹಾಗೆ,
ತೊಟ್ಟಿಕ್ಕುತ್ತ.

ಏಪ್ರಿಲಿನಲ್ಲಿ ಕಾರ್ಡು ಬಂತು: ಎಲೆಯೇ ಕಾಣದಂತೆ ಹಳದಿ ಹೂ ಬಿಟ್ಟ ಒಂದು ಮರ.
ಹಿಂದುಗಡೆ ಸಮಯ, ತರಂಗ, ಕೆಳಗೆ ವಾರೆಯಾಗಿ, "ಬೇಲಿಯ ಒಡತಿಗೂ."
ಹೈನಿ ಹೂವು ನೋಡಲಿಲ್ಲ. ಯಾವ ಕೊಂಬೆಗೆ ಕಟ್ಟಬಹುದು ಎಂದು
ಬೆರಳಲ್ಲಿ ಅಳೆಯುತ್ತಿದ್ದ.

ಕಾರ್ಡು ಈಗ ನನ್ನ ಸ್ವಿಚ್ಚಿನ ಪಕ್ಕ ಮೊಳೆಗಿದೆ.
ಹೊತ್ತು ಇಳಿಯುವುದು ನನಗಿಂತ ಮೊದಲು ಟಗರಿಗೆ ಗೊತ್ತಾಗುತ್ತದೆ.
ಬೇಲಿಗೆ ಗೇಣು ದೂರ ಬಂದು ನಿಂತು
ನನ್ನ ಕೈಯನ್ನೇ ನೋಡುತ್ತದೆ.