ಪೆನ್ಸಿಲ್

ರಾತ್ರಿ ಪಾಳಿಯ ಪುಸ್ತಕದಲ್ಲಿ ಮೊದಲ ಪದವನ್ನು
ನಾನು ಪೆನ್ಸಿಲಿನಲ್ಲೇ ಬರೆಯುವುದು.
ಪಾಲಿಬೆಟ್ಟದ ಆಸ್ಪತ್ರೆಯಲ್ಲಿ ಇದೊಂದು ತಮಾಷೆ:
ಸಿಸ್ಟರಿಗಿನ್ನೂ ಮೂರನೇ ಕ್ಲಾಸು.

ನಗಲಿ.
ಮರಗಸಿಯ ಮುತ್ತನಿಗೆ ಇಂಕಿನಲ್ಲಿ ಬರೆದಿದ್ದೆ,
'ಕುಡಿದಿದ್ದಾನೆ'.
ವಾಸನೆ ಸುಳ್ಳಾಗಿರಲಿಲ್ಲ. ಸುಳ್ಳಾದದ್ದು
ವಾಸನೆ ಸಿಕ್ಕಿದೊಡನೆ ಮುಗಿಸಿದ ನನ್ನ ಹುಡುಕಾಟ.
ಸಿಲ್ವರ್ ಮರದಿಂದ ಬಿದ್ದು ಮೂರು ದಿನವಾಯಿತೆಂದು
ಹೆಂಡತಿ ಹೇಳಿದ್ದು ಬೆಳಗಿನ ಜಾವ, ನಾನು ಕೇಳಿದ ಮೇಲೆ.
ಆಗ ರೆಪ್ಪೆ ಎತ್ತಿ ಟಾರ್ಚು ಬಿಟ್ಟೆ:
ಒಂದು ಪಾಪೆ ಸಾಸಿವೆ, ಇನ್ನೊಂದು ಒಳ್ಳೆಮೆಣಸು.
ಮೈಸೂರಿಗೆ ಹೊರಟ ಆಂಬುಲೆನ್ಸು
ಹುಣಸೂರು ದಾಟುವ ಮೊದಲೇ ತಿರುಗಿತು.

ಈ ಡಿಸೆಂಬರಿನಲ್ಲಿ ಮಾಚಿ ಬಂದಳು,
ಕಾಫಿ ಕುಯ್ಲಿನ ನಡುವೆ, ಏಳು ದಿನದ ಜ್ವರ ಹೊತ್ತು.
ಚೀಟಿಯಲ್ಲಿ ಆಗಲೇ ಇತ್ತು: ವೈರಲ್. ಪ್ಯಾರಾಸಿಟಮಾಲ್. ವಿಶ್ರಾಂತಿ.
ವಿಶ್ರಾಂತಿ! ಲೈನ್ ಮನೆಯಲ್ಲಿ ಅದನ್ನೆಲ್ಲಿ ಹಾಸುತ್ತಾರೆ?
ಮಲೇರಿಯಾ ಅಲ್ಲ, ಡೆಂಗಿ ಅಲ್ಲ ಅಂದಿತ್ತು ಕಾರ್ಡು.
ಡಾಕ್ಟರು ವಿರಾಜಪೇಟೆಯಲ್ಲಿ, ಮೀಟಿಂಗು.
ಬರೆದಿಟ್ಟ ಪದ ಬಾಗಿಲಲ್ಲಿ ಮಲಗಿದ ನಾಯಿ,
ಬೇರೆ ಯೋಚನೆ ಹೊಸ್ತಿಲು ತುಳಿದರೆ ಗುರ್ ಅನ್ನುತ್ತದೆ.

ಕುರ್ಚಿ ಎಳೆದು ಕೂತೆ.
ನಿಂತು ಕೇಳಿದರೆ ಜನ ಗುಳಿಗೆ ಕೇಳುತ್ತಾರೆ,
ಕೂತರೆ ಹೇಳುತ್ತಾರೆ.
ಉಸಿರೆಣಿಸಿದೆ, ಇಡೀ ಒಂದು ನಿಮಿಷ,
ನಾಡಿ ಹಿಡಿದಂತೆ ನಟಿಸುತ್ತ; ಎಣಿಸುವುದು ತಿಳಿದರೆ
ಉಸಿರಿಗೂ ನಾಚಿಕೆ. ಇಪ್ಪತ್ತೆಂಟು.
ಬೆನ್ನ ಮೇಲೆ ಬೆರಳಿಟ್ಟು ಬೆರಳಲ್ಲಿ ಬಡಿದೆ,
ಹಲಸು ಬಲಿತಿದೆಯೋ ಎಂದು ಅಜ್ಜಿ ಬಡಿಯುತ್ತಿದ್ದ ಹಾಗೆ.
ಟೊಳ್ಳು ಟೊಳ್ಳೆಂದೇ ನುಡಿಯಿತು, ಎರಡೂ ಬದಿ.
ಕಣ್ಣು ಕೆಂಪು. ಕತ್ತು ಬಾಗುತ್ತದೆ.
ಎಡ ಕಂಕುಳಲ್ಲಿ ಒಂದು ಗಂಟು;
ಮುಟ್ಟಿದರೆ 'ಸ್ಸ್' ಅಂದಳು.

ಗಂಟು ಸುಮ್ಮನೆ ಕಟ್ಟುವುದಿಲ್ಲ.
ತೋಡಿನ ನೀರು ಕದಡಿದರೆ
ಮೇಲ್ಗಡೆ ಯಾರೋ ಇಳಿದಿರಬೇಕು.
ಮೇಲ್ಗಡೆ ಅಂದರೆ ಕೈ, ಬೆನ್ನಿನ ಮೇಲ್ಭಾಗ, ಮೊಲೆ.
ಕೈಯಲ್ಲಿ ಕಾಫಿ ರೆಂಬೆಯ ಹಳೇ ಗೀರುಗಳು, ಎಲ್ಲ ಒಣಗಿವೆ.
ಪರದೆಗೆ ಸೇಫ್ಟಿ ಪಿನ್ ಚುಚ್ಚಿ,
ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೇಳಿದೆ: ನೋಡಲಾ?
ಅವಳು ಗೋಡೆಯತ್ತ ಮುಖ ಮಾಡಿ ರವಿಕೆ ಸಡಿಲಿಸಿದಳು.

ಮಡಿಕೆಯಡಿ ಇತ್ತು.
ಕೆಂಪು ಅಂಚು, ನಡುವೆ ಕರೀ ಹಕ್ಕಳೆ,
ಗಿಡದಲ್ಲೇ ಒಣಗಿದ ಕಾಫಿ ಹಣ್ಣಿನ ಸಿಪ್ಪೆಯಂಥದ್ದು.

ಜಿಗಣೆಯೇ? ಜಿಗಣೆ ಆಷಾಢದ ನೆಂಟ, ಕಚ್ಚಿದ್ದು ವಾರ ತುರಿಸುತ್ತದೆ.
ಇದಕ್ಕೆ ತುರಿಕೆ ಇಲ್ಲ, ನೋವಿಲ್ಲ; ಇರುವುದೇ ಅವಳಿಗೆ ಗೊತ್ತಿಲ್ಲ.
ಬೀಡಿಯೇ? ದನಿ ತಗ್ಗಿಸಿದೆ: ಯಾರಾದರೂ ಸುಟ್ಟರಾ?
ಜ್ವರದಲ್ಲೂ ನಕ್ಕಳು: ನನ್ನ ಗಂಡನಾ?
ಬೀಡಿಗೆ ಕಡ್ಡಿ ಗೀರೋಕೂ ಅವ ನನ್ನೇ ಕರೀತಾನೆ.
ಹುತ್ತರಿಯ ಹಿಂದುಮುಂದೆ ಎಲ್ಲಿಗೆ ಹೋಗಿದ್ದೆ ಮಾಚಿ?
ಸೌದೆಗೆ, ಬೇಲಿಯಾಚೆ. ದಣಿವಾಯ್ತು, ಹುಲ್ಲಲ್ಲಿ ಒರಗಿದ್ದೆ.

ಡಾಕ್ಟರಿಗೆ ಫೋನು. ರೋಗದ ಹೆಸರು ಹೇಳಲಿಲ್ಲ ನಾನು,
ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ.
ಆಚೆ ಬದಿ ತುಸು ಹೊತ್ತು ಬರೀ ಗಾಳಿ; ಆಮೇಲೆ
'ಸ್ಕ್ರಬ್ ಟೈಫಸ್ ಇರಬೇಕು,' ಅಂದರು, 'ಡಾಕ್ಸಿ ಶುರು ಮಾಡಿ,
ರಕ್ತ ಮಡಿಕೇರಿಗೆ ಕಳಿಸಿ.'
ಹುಲ್ಲಿನ ಹುಳು, ಕಣ್ಣಿಗೆ ಕಾಣದ್ದು,
ಉಂಡ ಎಲೆ ಎತ್ತದೆ ಹೋಗಿತ್ತು.

ಮೂರನೇ ದಿನ ಜ್ವರ ಇಳಿದು ಗಂಜಿ ಕುಡಿದಳು.
ಹೊರಡುವಾಗ ಚೀಟಿ ಕೇಳಿದಳು,
ತೋಟದ ರೈಟರಿಗೆ, ತಪ್ಪಿದ ದಿನಗಳ ಲೆಕ್ಕಕ್ಕೆ.
ಅಭ್ಯಾಸದಂತೆ ನನ್ನ ಕೈ ಪೆನ್ಸಿಲಿಗೆ ಹೋಯಿತು.
ಮಾಚಿ ಮಣಿಕಟ್ಟು ಹಿಡಿದಳು:
ಬೇಡ ಸಿಸ್ಟರ್, ಪೆನ್ನಲ್ಲಿ ಬರೀರಿ.
ಪೆನ್ಸಿಲಾದರೆ ಅವ ಅಳಿಸ್ತಾನೆ.