ಇಬ್ಬರು ಕೆಂಪಾಜಮ್ಮಂದಿರು

ಮಂಡ್ಯದ ದೊಡ್ಡಾಸ್ಪತ್ರೆ, ಹೆಂಗಸರ ವಾರ್ಡು,
ಮೂರನೇ ರಾತ್ರಿಪಾಳಿಯ ಕೊನೆಯ ಗಂಟೆ.
ಕಣ್ಣೊಳಗೆ ಮರಳು. ಕೈಯಲ್ಲಿ ಟ್ರೇ.
ಟ್ರೇಯಲ್ಲಿ ಹನ್ನೊಂದನೇ ಮಂಚದ ಇನ್ಸುಲಿನ್.

ಹನ್ನೊಂದರಲ್ಲಿ ಕೆಂಪಾಜಮ್ಮ, ಸಕ್ಕರೆ ಕಾಯಿಲೆ.
ಹದಿನಾಲ್ಕರಲ್ಲೂ ಕೆಂಪಾಜಮ್ಮ, ಉಬ್ಬಸ.
ಇಬ್ಬರಿಗೂ ಅರವತ್ತರ ಮೇಲೆ; ಎಷ್ಟು ಮೇಲೆ
ಎಂದು ಇಬ್ಬರೂ ಲೆಕ್ಕ ಇಟ್ಟಿಲ್ಲ.
ಒಬ್ಬಳ ಊರು ಕೆರಗೋಡಿನ ಹತ್ತಿರ,
ಇನ್ನೊಬ್ಬಳದು ಬಸರಾಳಿನ ಆಚೆ.
ಬಂದ ದಿನವೇ 'ನನ್ ಎಸ್ರುಗಾತಿ' ಎಂದು ಗಲ್ಲ ಹಿಡಿದು
ತಟ್ಟೆಯ ಅನ್ನ ಹಂಚಿಕೊಂಡವರು.

"ಏನಮ್ಮ ನಿಮ್ಮ ಹೆಸರು?"
ಗೊತ್ತಿದ್ದೂ ಕೇಳುತ್ತೇನೆ.
ನನ್ನ ಹೆತ್ತವಳೇ ಮಲಗಿದ್ದರೂ ಕೇಳುತ್ತೇನೆ.
"ಕೆಂಪಾಜಿ ಕನವ್ವ. ರಾತ್ರೆನೂ ಯೋಳಿದ್ನಲ್ಲ."

ಹೆಸರು ಸರಿ. ಮಂಚದ ನಂಬರು ಸರಿ.
ಔಷಧಿ, ಅಳತೆ, ಹೊತ್ತು, ಎಲ್ಲ ಸರಿ.
ಕೈಗೆ ಕಟ್ಟಿದ ಪಟ್ಟಿಯ ಶಾಯಿ ಮಾತ್ರ
ಮುಖ ತೊಳೆದ ನೀರಿಗೆ ಕರಗಿ
ನೀಲಿ ಕಲೆ.
"ಗಂಡನ ಹೆಸರು?"

ಮುದುಕಿ ಸೆರಗನ್ನು ಬಾಯಿಗೆ ತಂದಳು.
ಹದಿನಾರರ ನಾಚಿಕೆ ಎಲ್ಲಿ ಅಡಗಿತ್ತೋ,
ಸುಕ್ಕುಸುಕ್ಕಿನಲ್ಲೂ ಹರಿಯಿತು.
"ಗಂಡ್ನ ಎಸ್ರ ಬಾಯ್ಬುಟ್ಟು ಯೋಳಾರಾ? ಆಯಸ್ಸು ಕಮ್ಮಿ ಆಯ್ತದೆ."
"ಎಲ್ಲಿದ್ದಾರೆ ಅವರು?"
"ಸತ್ತು ಒಂಬತ್ ವರ್ಸ ಆಯ್ತು."

ಯಾರದೋ ಫೋನಿನ ಅಲಾರಂ.
ಬಾಗಿಲಲ್ಲೊಬ್ಬ: "ಸಿಸ್ಟರ್, ಬಿಸಿನೀರು ಎಲ್ಲಿ ಸಿಗ್ತದೆ?"
ಆರು ಗಂಟೆಯೊಳಗೆ ಇನ್ನೂ ಎಂಟು ಸೂಜಿ.
ಬಿಡು, ಎಂದಿತು ಒಳಗೊಂದು ದನಿ,
ಹೆಸರು ಸರಿಯಿದೆ, ಮಂಚ ಸರಿಯಿದೆ, ಚುಚ್ಚು.

ಆ ದನಿ ನನಗೆ ಹಳೇ ಪರಿಚಯ.
ಹನ್ನೆರಡು ವರ್ಷದ ಕೆಳಗೆ ಮೈಸೂರಿನಲ್ಲಿ
ಅದರ ಮಾತು ಕೇಳಿದ್ದೆ.
ಚೀಟಿಯಲ್ಲಿ ನಾಲ್ಕು, ಪಕ್ಕದಲ್ಲಿ ಯೂನಿಟ್ಟಿನ ಯು,
ಡಾಕ್ಟರ ಅವಸರಕ್ಕೆ ಅದರ ಬಾಯಿ ಮುಚ್ಚಿ
ಸೊನ್ನೆಯಾಗಿ ಕೂತಿತ್ತು.
ನಲವತ್ತು ಎಂದು ಓದಿದೆ. ಸಿರಿಂಜು ತುಂಬ ಎಳೆದೆ.
ಟಾಂಗಾ ಹೊಡೆಯುವ ಗೌಸ್ ಸಾಬರು
ಅಂಗಿ ಹಿಂಡುವಷ್ಟು ಬೆವತು
ತಮ್ಮ ಕುದುರೆಯನ್ನು ಕೂಗತೊಡಗಿದರು.
ಗ್ಲುಕೋಸ್ ಹರಿಯಿತು, ಬದುಕಿದರು.
ನನ್ನನ್ನು ಬೈಯಲಿಲ್ಲ.
ಅದೊಂದು ಇನ್ನೂ ಎದೆಯಿಂದ ಇಳಿದಿಲ್ಲ.

ಫ್ಲೇವಿ ಸಿಸ್ಟರ್ ಆವತ್ತು ಪೆನ್ನು ಕೊಟ್ಟು ಅಂದರು:
"ನೀನೇ ಬರಿ. ಅತ್ತು ಮುಗಿದ ಮೇಲೆ ಬರಿ.
ನಾಳೆ ಬರುವ ಹುಡುಗಿಗೂ
ಈ ಹೊತ್ತಿಗೆ ನಿದ್ದೆ ಬರುತ್ತೆ."

ಟ್ರೇ ಕೆಳಗಿಟ್ಟೆ. ಮಂಚದ ತುದಿಗೆ ಕೂತೆ.
"ಹೆಸರು ಬೇಡಮ್ಮ, ಗುರುತು ಹೇಳಿ."
ಮುದುಕಿಯ ಕಣ್ಣು ಅರಳಿತು.
"ಮೇಲ್ಕೋಟೆ ಬೆಟ್ಟದ ಮ್ಯಾಲೆ
ವೈರಮುಡಿ ಹೊತ್ಕಂಡು ನಿಂತವ್ನಲ್ಲ, ಅವುನ್ದೆಯ."

ಚೆಲುವ. ಚೆಲುವೇಗೌಡ.
ನನ್ನ ಕೈಯ ಚೀಟಿಯಲ್ಲಿ: ಬೈರೇಗೌಡರ ಹೆಂಡತಿ.

"ಊ ಕನವ್ವ, ನಂಗೆ ಉಬ್ಸ, ಕಿಟ್ಕಿ ಗಾಳಿ ಬೇಕು.
ಅವ್ಳಿಗೆ ಚಳಿ ಆಗ್ದು.
ರಾತ್ರೆ ಮಂಚ ಬದ್ಲಾಯಿಸ್ಕಂಡೊ. ತಪ್ಪಾ?"

ತಪ್ಪಲ್ಲಮ್ಮ ಎಂದೆ.
ಕೈಯೇಕೋ ನಡುಗುತ್ತಿತ್ತು.

ಹದಿನಾಲ್ಕರಲ್ಲಿ ಗೋಡೆಗೆ ತಿರುಗಿ ಗೊರಕೆ.
ತಟ್ಟಿ ಎಬ್ಬಿಸಿ ಕೇಳಿದೆ: "ಗಂಡನ ಹೆಸರು?"
ನಿದ್ದೆಗಣ್ಣಲ್ಲೇ ಅಂದಳು:
"ಬೈರ. ಕುಡ್ಕ ನನ್ಮಗ. ಬರ್ಕೊ."

ಹೊಸ ಹುಡುಗಿ ಶಿವಲೀಲಾಳನ್ನು ಕರೆದು
ಚೀಟಿಯನ್ನು ಗಟ್ಟಿಯಾಗಿ ಓದಿಸಿದೆ,
ಸೀಸೆಯನ್ನು ಓದಿಸಿದೆ, ಸಿರಿಂಜಿನ ಗೀಟನ್ನು ಎಣಿಸಿದಳು.
ಆಮೇಲೆ ಚುಚ್ಚಿದೆ.

ಕೆಂಪು ರಟ್ಟಿನ ಪುಸ್ತಕದಲ್ಲೊಂದು ಕಾಲಂ ಇದೆ:
ತಪ್ಪು ತಪ್ಪಿದ್ದು ಹೇಗೆ?
ಬಹಳ ಹೊತ್ತು ಪೆನ್ನು ಹಿಡಿದು ಕೂತೆ.
'ಮುದುಕಿ ಒಗಟು ಹೇಳಿದ್ದರಿಂದ' ಎಂದು ಬರೆದು
ಕೆಳಗೆ, 'ಕೈಪಟ್ಟಿಗೆ ಅಳಿಯದ ಶಾಯಿ ಬೇಕು.'

ಬಾಗಿಲಲ್ಲಿ ಅವನು ಇನ್ನೂ ನಿಂತಿದ್ದ,
ಖಾಲಿ ಫ್ಲಾಸ್ಕು ಹಿಡಿದು, ಮಾತಾಡದೆ.
ಎಡಕ್ಕೆ ಹೋಗಿ, ಎಂದೆ, ಕ್ಯಾಂಟೀನಿನ ಪಕ್ಕ.